ಜ್ವರ ಬಿಟ್ಟರೂ ಬಿಡದ ಕೀಲುನೋವು

2009ರಲ್ಲಿ ನಾನು ಕಾಸರಗೋಡು ಸೀಮೆಯ ಒಂದು ಶಾಲೆಯಲ್ಲಿ ಸಹಾಯಕ ಅಧ್ಯಾಪಕನಾಗಿದ್ದೆನು. ಏಳನೆಯ ತರಗತಿಯ ಬಾಲಕನೊಬ್ಬನು ಪ್ರತಿದಿನವೂ ತಡವಾಗಿ ಬರುತ್ತಿದ್ದನು. ಕಾರಣವನ್ನು ವಿಚಾರಿಸಲು, “ಅಜ್ಜಿಗೆ ಬೆಳಗ್ಗೆ ಚೆಂಬು ಎತ್ತಲಿಕ್ಕೆ ಆಗುವುದಿಲ್ಲ, ನಾನೇ ನೀರು ಸೇದಿಟ್ಟು ಬರಬೇಕು” ಎಂದನು. ಆಕೆಗೆ ಜ್ವರ ಬಿಟ್ಟು ಮೂರು ತಿಂಗಳು ಕಳೆದಿದ್ದುದರಿಂದ ನೆರೆಯವರು ಅದನ್ನು ಸೋಗೆಂದು ಆಡಿಕೊಳ್ಳುತ್ತಿದ್ದರಂತೆ. ಅದು ಸೋಗಾಗಿರಲಿಲ್ಲ. ಏಕೆಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ವಿವರಿಸುವುದೇ ಈ ಲೇಖನದ ಉದ್ದೇಶ.

ಆ ರೋಗದ ಹೆಸರು ಚಿಕುನ್‌ಗುನ್ಯಾ. ಇದು ಆಫ್ರಿಕದ ಮಕೊಂಡೆ ಜನರ ಮಾತು. ‘ಬಾಗಿಸುವಂಥದು’ ಎಂದು ಅರ್ಥ. ಈಗ ಟಾಂಜಾನಿಯ ಎನಿಸಿಕೊಂಡಿರುವ ದೇಶದ ದಕ್ಷಿಣ ಭಾಗದಲ್ಲಿ 1952-53ರಲ್ಲಿ ಈ ಜ್ವರವು ಹಬ್ಬಿದಾಗ, ರೋಗಿಗಳು ನೋವಿನಿಂದ ಬಗ್ಗಿ ನಡೆಯುವುದನ್ನು ಕಂಡು ಅಲ್ಲಿನವರು ಹೀಗೆ ಕರೆದರು. (ಹೆಸರಿನ ಸದ್ದಿಗೆ ಬೆದರಿ ಕೋಳಿಮಾಂಸವನ್ನು ತ್ಯಜಿಸಿದವರನ್ನು ನಾನು ಕಂಡಿದ್ದೇನೆ. ಕೋಳಿಗೂ ಇದಕ್ಕೂ ಯಾವ ನಂಟೂ ಇಲ್ಲ.) ಭಾರತದಲ್ಲಿ ಇದು 1963ರಲ್ಲಿ ಕಲ್ಕತ್ತೆಯಲ್ಲಿಯೂ, 1964ರಲ್ಲಿ ಮದರಾಸಿನಲ್ಲಿಯೂ, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿಯೂ ಕಾಣಿಸಿಕೊಂಡಿತು. ಬಳಿಕ ಮೂವತ್ತಕ್ಕೂ ಹೆಚ್ಚು ವರ್ಷ ಅಡಗಿದ್ದು 2005ರಲ್ಲಿ ಮರಳಿ ತಲೆಯೆತ್ತಿತು. 2006ರಲ್ಲಿ ದೇಶದಲ್ಲಿ ಶಂಕಿತರಾದ ಸುಮಾರು 14 ಲಕ್ಷ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕರ್ನಾಟಕದವರು.

ಇದನ್ನು ಹರಡುವುದು ಕರಿಯ ಮೈಮೇಲೆ ಬಿಳಿಯ ಪಟ್ಟೆಗಳಿರುವ ಈಡಿಸ್ ಸೊಳ್ಳೆ. ಇದು ಕಡಿಯುವುದು ಹಗಲಿನಲ್ಲಿ. ಪೇಟೆಯ ಮನೆಗಳಲ್ಲಿ ಇದರ ಒಂದು ಜಾತಿಯೂ, ನಮ್ಮಂಥ ತೋಟಗಾಡುಗಳಲ್ಲಿ ಆಲ್ಬೊಪಿಕ್ಟಸ್ ಎಂಬ ಇನ್ನೊಂದು ಜಾತಿಯೂ ಹೆಚ್ಚು. ವೈರಸ್ಸಿನ ಹೊರಕವಚದಲ್ಲಿ ಉಂಟಾದ ಒಂದೇ ಒಂದು ಸಣ್ಣ ಮಾರ್ಪಾಟು ಅದಕ್ಕೆ ಈ ಎರಡನೆಯ ಸೊಳ್ಳೆಯಲ್ಲಿ ಸುಲಭವಾಗಿ ಬೆಳೆಯುವ ಶಕ್ತಿಯನ್ನು ಕೊಟ್ಟಿತು. ರೇಯೂನಿಯನ್ ದ್ವೀಪದಲ್ಲಿ ಮೊದಲು ಕಂಡ ಈ ಮಾರ್ಪಾಟು 2007ರಲ್ಲಿ ಕೇರಳದಲ್ಲಿಯೂ ಕಂಡುಬಂದಿತು.

ಕಡಿತದೊಡನೆ ಚರ್ಮವನ್ನು ಹೊಕ್ಕ ವೈರಸ್ಸು ಅಲ್ಲಿನ ಜೀವಕಣಗಳಲ್ಲಿ ವೃದ್ಧಿಹೊಂದಿ, ರಕ್ತದ ಮೂಲಕ ಸ್ನಾಯುಗಳಿಗೂ ಕೀಲುಗಳ ಒಳಪೊರೆಗೂ ತಲಪುತ್ತದೆ. ಅದು ಜೀವಕಣವನ್ನು ಪ್ರವೇಶಿಸಲು ಬಳಸುವ ಬಾಗಿಲುಗಳಲ್ಲಿ ಒಂದನ್ನು ವಿಜ್ಞಾನಿಗಳು 2018ರಲ್ಲಿ ಗುರುತಿಸಿದರು. ಆ ಬಾಗಿಲು ಕೀಲುಗಳ ಕಣಗಳಲ್ಲಿಯೂ ಉಂಟು. ಸಾಮಾನ್ಯವಾಗಿ ಮೂರರಿಂದ ಏಳು ದಿನಗಳಲ್ಲಿ ಜ್ವರವೇರುತ್ತದೆ. ಮಣಿಕಟ್ಟು, ಬೆರಳು, ಕಾಲಿನ ಹರಡುಗಳು ಬಾತುಕೊಳ್ಳುತ್ತವೆ. ವಾರದೊಳಗೆ ರಕ್ತದಿಂದ ವೈರಸ್ಸು ಬಹುಮಟ್ಟಿಗೆ ಮಾಯವಾಗುತ್ತದೆ. ಹಾಗಿದ್ದರೆ ನೋವೇಕೆ ನಿಲ್ಲುವುದಿಲ್ಲ?

ಇಲ್ಲಿಯೇ ಈ ರೋಗದ ಮರ್ಮವಿದೆ. ಶತ್ರುವನ್ನು ಅಟ್ಟಲು ಕೀಲಿಗೆ ಧಾವಿಸಿದ ನಮ್ಮದೇ ರಕ್ಷಕ ಬಿಳಿಕಣಗಳು ಸುಮ್ಮನೆ ಹಿಂದಿರುಗುವುದಿಲ್ಲ. ಅವು ಸುರಿಸುವ ರಾಸಾಯನಿಕ ದ್ರವ್ಯಗಳು ಇನ್ನಷ್ಟು ಕಣಗಳನ್ನು ಕರೆತರುತ್ತವೆ, ಒಳಪೊರೆ ಊದಿಕೊಳ್ಳುತ್ತದೆ, ಮೂಳೆಯನ್ನು ಸವೆಸುವ ಕಣಗಳು ಕೂಡ ಪ್ರಚೋದನೆಗೊಳ್ಳುತ್ತವೆ. ರೇಯೂನಿಯನ್ನಿನ ರೋಗಿಯೊಬ್ಬರ ಕೀಲಿನ ಪೊರೆಯಲ್ಲಿ ಹದಿನೆಂಟು ತಿಂಗಳ ಬಳಿಕವೂ ವೈರಸ್ಸಿನ ಅವಶೇಷಗಳು ದೊರೆತವು. ಕಳ್ಳನು ಹೋದ ಮೇಲೂ ಅವನ ಅಂಗಿಯನ್ನು ಕಂಡು ಕಾವಲುಗಾರರು ಮನೆಯ ಬಾಗಿಲುಗಳನ್ನೇ ಒಡೆಯುತ್ತಿರುವಂತೆ ಇದು. ಬಹುಮಂದಿ ಕೆಲವು ವಾರಗಳಲ್ಲಿ ಗುಣ ಹೊಂದುತ್ತಾರೆ. ವಯಸ್ಸಾದವರಲ್ಲಿಯೂ ಮೊದಲೇ ಕೀಲುಬೇನೆಯಿದ್ದವರಲ್ಲಿಯೂ ನೋವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಬೆಳಗಿನ ಹೊತ್ತಿನ ಪೆಡಸು ಅದರ ಮುಖ್ಯ ಗುರುತು.

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಸಿದ್ಧವಾಗಿಲ್ಲ. ಆರಂಭದಲ್ಲಿ ವಿಶ್ರಾಂತಿ, ಯಥೇಚ್ಛ ನೀರು, ಪ್ಯಾರಸಿಟಮಾಲ್ ಇಷ್ಟೇ ಸಾಕು. ಅಂಗಡಿಯಿಂದ ತಂದ ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದ ನೋವಿನ ಗುಳಿಗೆಗಳನ್ನು ಮೊದಲ ದಿನಗಳಲ್ಲಿ ಕೊಡಲೇಬಾರದು. ಜ್ವರವು ಡೆಂಗಿಯಾಗಿದ್ದರೆ ಅವುಗಳಿಂದ ರಕ್ತಸ್ರಾವವಾಗುವ ಭಯವಿದೆ. ನೋವು ಮೂರು ತಿಂಗಳು ಮೀರಿದರೆ ಕೀಲುರೋಗದ ವೈದ್ಯರು ಮೆಥೊಟ್ರೆಕ್ಸೇಟ್ ಮುಂತಾದ, ನಿರೋಧಶಕ್ತಿಯನ್ನು ಶಾಂತಗೊಳಿಸುವ ಮದ್ದುಗಳನ್ನು ರಕ್ತಪರೀಕ್ಷೆಯ ಮೇಲ್ವಿಚಾರಣೆಯಲ್ಲಿ ಕೊಡುವುದುಂಟು. ಮೆಲ್ಲಮೆಲ್ಲನೆ ಬೆರಳು ಮಡಚಿ ಬಿಡಿಸುವ ವ್ಯಾಯಾಮವೂ ಅಗತ್ಯ. ಆ ಅಜ್ಜಿಯು ವೈದ್ಯರ ಮಾತಿನಂತೆ ಬೆಚ್ಚನೆಯ ನೀರಿನಲ್ಲಿ ಕೈಯದ್ದಿ ಇದನ್ನು ಮಾಡುತ್ತ, ಮರುವರ್ಷದ ಯುಗಾದಿಯ ವೇಳೆಗೆ ತಾನೇ ನೀರು ಸೇದುವಂತಾದಳು.

ಬಿಳಿಕಣಗಳನ್ನು ಕರೆಯುವ ದ್ರವ್ಯವನ್ನು ತಡೆಯುವ ಮದ್ದೊಂದು ಇಲಿಗಳ ಕೀಲಿನ ಬಾವನ್ನು ತಗ್ಗಿಸಿದೆ. ಮನುಷ್ಯರಿಗೆ ಅದು ಇನ್ನೂ ದೂರದ ಮಾತು. ಅಮೆರಿಕವು 2023ರ ನವೆಂಬರಿನಲ್ಲಿ ಬಲಗುಂದಿಸಿದ ವೈರಸ್ಸಿನ ಲಸಿಕೆಯೊಂದಕ್ಕೆ ಅನುಮತಿಯಿತ್ತು, ತೀವ್ರ ತೊಂದರೆಗಳು ವರದಿಯಾದುದರಿಂದ 2025ರ ಆಗಸ್ಟಿನಲ್ಲಿ ಅದನ್ನು ಅಮಾನತುಗೊಳಿಸಿತು. ವೈರಸ್ಸಿನ ಬರಿಯ ಕವಚದಂಥ ಕಣಗಳಿಂದ ಮಾಡಿದ ಇನ್ನೊಂದು ಲಸಿಕೆಗೆ 2025ರ ಫೆಬ್ರವರಿಯಲ್ಲಿ ಅಲ್ಲಿ ಒಪ್ಪಿಗೆ ದೊರೆತಿದೆ.

ಹೀಗಿರುವಾಗ ನಮ್ಮ ಕೈಯಲ್ಲಿರುವುದು ಹಿತ್ತಿಲು. ಉದುರಿದ ಅಡಿಕೆಹಾಳೆಯ ಮಡಿಕೆ, ರಬ್ಬರು ಹಾಲಿನ ಗೆರಟೆ, ಒಡೆದ ಮಡಕೆ, ಇವುಗಳಲ್ಲಿ ನಿಂತ ಬೊಗಸೆ ನೀರೇ ಈ ಸೊಳ್ಳೆಗೆ ತೊಟ್ಟಿಲು. ಮೊಟ್ಟೆಗಳು ನೀರಿನ ಮೇಲಲ್ಲ, ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಮೊದಲ ಮಳೆಗೆ ಒಡೆಯುತ್ತವೆ. ಆದುದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲಿದರಷ್ಟೇ ಸಾಲದು, ಪಾತ್ರೆಯನ್ನು ತೆಂಗಿನ ನಾರಿನಿಂದ ಉಜ್ಜಿ ಕವುಚಿಡಬೇಕು. ಹಾಳೆಗಳನ್ನು ಅಂಗಾತ ಬಿಡದೆ ಬೋರಲು ಹಾಕಬೇಕು.