ಸ್ವಯಂಸೇವಕರ ಭೂಪಟ ಸಮ್ಮೇಲನಕ್ಕೆ ಪ್ರಸ್ತಾವವನ್ನು ಬರೆಯುವ ಕ್ರಮ
(ಪಣಂಬೂರಿನ ಗದ್ದೆಗಳ ಹೆಸರಿನ ಉದಾಹರಣೆಯೊಡನೆ)

ಪ್ರತಿಯೊಂದು ಗದ್ದೆಗೂ ಎರಡು ಗುರುತುಗಳುಂಟು. ಒಂದು, ಸರ್ಕಾರದ ಕಾಗದದಲ್ಲಿರುವ ಸರ್ವೆ ನಂಬರು. ಇನ್ನೊಂದು, ಮನೆಯವರೂ ಆಳುಗಳೂ ದಿನನಿತ್ಯ ಕರೆಯುವ ಹೆಸರು. ಪಹಣಿಯನ್ನು ತೆಗೆದು ನೋಡಿದರೆ ನಂಬರು, ಹಿಸ್ಸಾ, ವಿಸ್ತೀರ್ಣ, ಕಂದಾಯ, ಖಾತೆದಾರನ ಹೆಸರು ಇವು ದೊರೆಯುವುವು. ಎರಡನೆಯ ಗುರುತು ಮಾತ್ರ ಬಾಯಿಂದ ಬಾಯಿಗೆ ಬರತಕ್ಕದ್ದು. ಗದ್ದೆ ಇರುವವರೆಗೆ ಆ ಹೆಸರಿಗೆ ಭಯವಿಲ್ಲ. ಗದ್ದೆ ಹೋದ ಬಳಿಕ ಅದನ್ನು ಉತ್ತವರು ಬದುಕಿರುವಷ್ಟು ಕಾಲ ಮಾತ್ರ ಅದು ಉಳಿಯುವುದು. ಮಂಗಳೂರಿನ ಪಣಂಬೂರಿನಲ್ಲಿ ಈ ಅವಸ್ಥೆ ಬಂದು ಐವತ್ತು ವರ್ಷಗಳು ಮೀರಿವೆ.

ಇಂತಹ ಹೆಸರುಗಳನ್ನು ಉಳಿಸುವ ವಿಚಾರವನ್ನು ಊರಿನ ಜನರು ಅನ್ಯದೇಶದವರ ಮುಂದೆ ಇಡುವುದಕ್ಕೆ ಈಗ ಒಂದು ಮಾರ್ಗವಿದೆ. ಭೂಪಟವನ್ನು ಬರೆಯುವ ಸ್ವಯಂಸೇವಕರ ಅಂತರರಾಷ್ಟ್ರೀಯ ಸಮ್ಮೇಲನದಲ್ಲಿ ಉಪನ್ಯಾಸಕ್ಕಾಗಿ ಪ್ರಸ್ತಾವವನ್ನು ಕಳುಹಿಸುವುದೇ ಆ ಮಾರ್ಗ. ಅದಕ್ಕೆ ವಿದ್ವಾಂಸನಾಗಿರಬೇಕೆಂಬ ನಿಬಂಧನೆಯಿಲ್ಲ. ಆದರೆ ಪ್ರಸ್ತಾವವನ್ನು ಬರೆಯುವುದರಲ್ಲಿ ಒಂದು ಕ್ರಮವುಂಟು. ಗ್ರಾಮದ ಮುಖಂಡರಿಗೂ ಭೂಮಾಲಿಕರಿಗೂ ರೂಢಿಯಲ್ಲಿರುವ ಅರ್ಜಿಯ ಕ್ರಮಕ್ಕಿಂತ ಅದು ಬೇರೆಯಾದುದು.

ಸಮ್ಮೇಲನದ ಪರಿಚಯ

೨೦೦೪ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಭೂಪಟದ ಕೆಲಸವನ್ನು ಆರಂಭಿಸಿದರು. ಇದು ಯಾವ ಸರ್ಕಾರದ್ದೂ ಅಲ್ಲ, ಯಾವ ವ್ಯಾಪಾರ ಸಂಸ್ಥೆಯದೂ ಅಲ್ಲ. ಯಾರು ಬೇಕಾದರೂ ತಾವು ಕಣ್ಣಾರೆ ಕಂಡು ಬಲ್ಲ ದಾರಿ, ತೋಡು, ಬಾವಿ, ಶಾಲೆ, ಸಂಕ ಇವುಗಳನ್ನು ಅಂತರ್ಜಾಲದ ಮೂಲಕ ಈ ಪಟದಲ್ಲಿ ಸೇರಿಸಬಹುದು. ಸೇರಿಸಿದುದನ್ನು ಎಲ್ಲರೂ ಶುಲ್ಕವಿಲ್ಲದೆ ಉಪಯೋಗಿಸಬಹುದು. ಮೂಲವನ್ನು ಹೇಳಬೇಕೆಂಬುದು ಮುಖ್ಯವಾದ ಷರತ್ತು. ೨೦೧೦ನೆಯ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ಅಲ್ಲಿಯ ರಾಜಧಾನಿಯ ವಿವರವಾದ ಪಟವು ಪರಿಹಾರಕಾರ್ಯದವರಿಗೆ ಅವಶ್ಯವಾಯಿತು. ನಾನಾ ದೇಶಗಳ ಸ್ವಯಂಸೇವಕರು ಉಪಗ್ರಹದ ಚಿತ್ರಗಳನ್ನು ನೋಡಿ ಕೆಲವೇ ದಿನಗಳಲ್ಲಿ ಬೀದಿಬೀದಿಯನ್ನೂ ಬರೆದುಕೊಟ್ಟರು. ಆ ಮೇಲೆ ಈ ಕೆಲಸದ ಪ್ರಯೋಜನದಲ್ಲಿ ಸಂದೇಹಪಡುವವರು ಕಡಿಮೆಯಾದರು.

ಈ ಸ್ವಯಂಸೇವಕರ ಸಮ್ಮೇಲನಕ್ಕೆ ‘ಸ್ಟೇಟ್ ಆಫ್ ದಿ ಮ್ಯಾಪ್’ ಎಂದು ಹೆಸರು. ಮೊದಲನೆಯದು ೨೦೦೭ರಲ್ಲಿ ಮ್ಯಾಂಚೆಸ್ಟರಿನಲ್ಲಿ ನೆರೆಯಿತು. ೨೦೨೪ರಲ್ಲಿ ನೈರೋಬಿಯಲ್ಲಿಯೂ ೨೦೨೫ರಲ್ಲಿ ಮನಿಲಾದಲ್ಲಿಯೂ ನಡೆಯಿತು. ಏಷ್ಯಾಖಂಡದವರ ಸಮ್ಮೇಲನವು ಬೇರೆಯಾಗಿ ಸೇರುವುದುಂಟು. ೨೦೧೮ನೆಯ ನವೆಂಬರ್ ೧೭ ಮತ್ತು ೧೮ರಂದು ಅದು ಬೆಂಗಳೂರಿನಲ್ಲಿಯೇ ಸೇರಿತ್ತು. ಉಪನ್ಯಾಸಗಳನ್ನು ಆರಿಸುವವರೂ ಸ್ವಯಂಸೇವಕರೇ. ಬಂದ ಪ್ರಸ್ತಾವಗಳನ್ನು ಓದಿ, ಇರುವ ಹೊತ್ತಿಗೆ ತಕ್ಕಷ್ಟನ್ನು ಮಾತ್ರ ಅವರು ಅಂಗೀಕರಿಸುವರು.

ಪಣಂಬೂರಿನಲ್ಲಿ ಹೇಳತಕ್ಕ ವಿಷಯವೇನು

ಪ್ರಸ್ತಾವಕ್ಕೆ ಬೀಜದಂತಿರುವುದು ವಿಷಯ. ಬೀಜವು ಜೊಳ್ಳಾಗಿದ್ದರೆ ಅಗೆಯನ್ನು ಎಷ್ಟು ಚೆನ್ನಾಗಿ ಹಾಕಿದರೂ ಫಲವಿಲ್ಲ. ‘ನಮ್ಮ ಊರು ಬಹು ಪ್ರಾಚೀನವಾದುದು, ಸುಂದರವಾದುದು’ ಎಂಬುದು ವಿಷಯವಲ್ಲ. ಎಲ್ಲ ಊರಿನವರೂ ಹಾಗೆಯೇ ಹೇಳುವರು. ಈ ಊರಿನವರಿಗೆ ಗೊತ್ತಿದ್ದು, ಸಭೆಯವರಿಗೆ ಗೊತ್ತಿಲ್ಲದೆ, ಅವರ ಕೆಲಸಕ್ಕೂ ಬೇಕಾಗುವಂತಹದು ಯಾವುದೋ ಅದೇ ವಿಷಯ.

ಪಣಂಬೂರಿನಲ್ಲಿ ಅಂತಹುದು ಇದೆ. ತುಳುನಾಡಿನ ಭತ್ತದ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ವಿಭಾಗಿಸುವುದನ್ನು ಓದುಗರು ಬಲ್ಲರು. ತಗ್ಗಿನಲ್ಲಿದ್ದು ನೀರು ನಿಲ್ಲುವುದು ಬೈಲು. ಅನುಕೂಲವಿದ್ದಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳೂ ಅಲ್ಲಿ ಆಗುವುವು. ಅದಕ್ಕಿಂತ ಎತ್ತರದಲ್ಲಿರುವ ಮಜಲಿನಲ್ಲಿ ಎರಡು ಬೆಳೆ. ಮಳೆಯನ್ನೇ ನಂಬಿರುವ ಬೆಟ್ಟಿನಲ್ಲಿ ಏಣಿಲು ಒಂದೇ. (ಘಟ್ಟದ ಮೇಲಿನವರು ಬೆಟ್ಟು ಎಂದರೆ ಬೆಟ್ಟವೆಂದು ತಿಳಿಯುವುದುಂಟು. ಅನ್ಯದೇಶದವರಿಗೆ ಬರೆಯುವಾಗ ಈ ಭ್ರಮೆಗೆ ಎಡೆಗೊಡಕೂಡದು.) ಹೀಗಿರಲು ಗದ್ದೆಯ ಹೆಸರಿನ ಕೊನೆಯಲ್ಲಿ ಬರುವ ಈ ಮಾತು ಬರಿಯ ಅಲಂಕಾರವಲ್ಲ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುವುದು, ಎಲ್ಲಿಂದ ಜಾರಿಹೋಗುವುದು ಎಂಬುದನ್ನು ಅದು ತಿಳಿಸುವುದು. ಪಣಂಬೂರಿನ ದಕ್ಷಿಣಕ್ಕೆ, ಸಮುದ್ರಕ್ಕೂ ಗುರುಪುರ ಹೊಳೆಗೂ ನಡುವೆ ಚಾಚಿರುವ ಮರಳಿನ ನೆಲದಲ್ಲಿ ತಣ್ಣೀರುಬಾವಿ ಎಂಬ ಸ್ಥಳವಿದೆ. ಎರಡು ಕಡೆಯೂ ಉಪ್ಪುನೀರು ಬರುವ ಅಂತಹ ಜಾಗಕ್ಕೆ ಬಾವಿಯ ಹೆಸರೇ ನಿಂತುದು ಏತಕ್ಕೆಂಬುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ.

ನವ ಮಂಗಳೂರು ಬಂದರಿಗಾಗಿ ಪಣಂಬೂರಿನ ನೆಲವನ್ನು ತೆಗೆದುಕೊಂಡರು. ಹಡಗುಗಳು ನಿಲ್ಲುವ ಕೊಳವು ಇಲ್ಲಿ ಸ್ವಾಭಾವಿಕವಾದುದಲ್ಲ. ದಡದ ಒಳಗಣ ಭೂಮಿಯನ್ನು ಅಗೆದು ಮಾಡಿದುದು. ೧೯೭೪ನೆಯ ಮೇ ೪ರಂದು ಇದು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾಯಿತು. ೧೯೭೫ನೆಯ ಜನವರಿ ೧೧ರಂದು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಬಂದರಿನ ಬೆನ್ನಿಗೆ ರಸಗೊಬ್ಬರದ ಕಾರ್ಖಾನೆ ಮೊದಲಾದುವು ಬಂದುವು. ನೆಲವನ್ನು ಬಿಟ್ಟ ಕುಟುಂಬಗಳಲ್ಲಿ ಅನೇಕವು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿದುವು. ಬಂದರಿನಿಂದ ನಾಡಿಗಾದ ಲಾಭವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಗೊಬ್ಬರವನ್ನು ಕೊಳ್ಳುವ ರೈತನಂತೂ ಅಲ್ಲಗಳೆಯಲಾರನು. ಆದರೆ ಅಗೆದು ನೀರು ತುಂಬಿದ ನೆಲದಲ್ಲಿದ್ದ ಗದ್ದೆಗಳ ಹೆಸರುಗಳು ಈಗ ಎಲ್ಲಿರತಕ್ಕುವು?

ಈ ಪ್ರಶ್ನೆಯು ಭೂಪಟ ಬರೆಯುವವರಿಗೆ ನಿಜವಾಗಿಯೂ ಕಠಿಣವಾದುದು. ಯಾತಕ್ಕೆಂದರೆ, ಈಗ ನೆಲದ ಮೇಲೆ ಏನಿದೆಯೋ ಅದನ್ನೇ ಬರೆಯಬೇಕು, ಇಲ್ಲದುದನ್ನು ತೆಗೆದುಹಾಕಬೇಕು ಎಂಬುದು ಅವರ ಮೂಲ ನಿಯಮ. ಹಳೆಯ ಬೈಲಿನ ಹೆಸರನ್ನು ಬಂದರಿನ ನೀರಿನ ಮೇಲೆ ಬರೆದರೆ ಮತ್ತೊಬ್ಬ ಸ್ವಯಂಸೇವಕನು ಅದನ್ನು ಅಳಿಸುವನು. ಹಾಗೆ ಅಳಿಸುವುದು ತಪ್ಪೂ ಅಲ್ಲ. ಇದಕ್ಕಾಗಿಯೇ ‘ಓಪನ್‌ಹಿಸ್ಟಾರಿಕಲ್‌ಮ್ಯಾಪ್’ ಎಂಬ ಸೋದರ ಪಟವೊಂದು ಇದೆ. ಅಲ್ಲಿ ಪ್ರತಿಯೊಂದು ಸ್ಥಳಕ್ಕೂ ಅದು ಇದ್ದ ಕಾಲದ ಆದಿಯನ್ನೂ ಅಂತ್ಯವನ್ನೂ ಬರೆಯಬಹುದು. ಇಷ್ಟಾದರೂ ಬರಿಯ ನೆನಪನ್ನು ಆಧಾರವಾಗಿ ಎಷ್ಟರಮಟ್ಟಿಗೆ ಒಪ್ಪಬಹುದು, ಗಡಿಯನ್ನು ಹೇಗೆ ಎಳೆಯುವುದು ಎಂಬುವು ಉಳಿಯುವುವು. ಪಣಂಬೂರಿನವರು ಸಭೆಗೆ ತಿಳಿಸಬಹುದಾದುದು ಇದನ್ನೇ.

ಮೊದಲು ಕೆಲಸ, ಆಮೇಲೆ ಪ್ರಸ್ತಾವ

ಮಾಡದ ಕೆಲಸವನ್ನು ಮಾಡುವೆವೆಂದು ಬರೆದು ಕಳುಹಿಸುವುದು ಹಲವು ಪ್ರಸ್ತಾವಗಳಲ್ಲಿ ಕಂಡುಬರುವ ದೋಷ. ಇಪ್ಪತ್ತು ಹೆಸರುಗಳಾದರೂ ಸರಿ, ಅವನ್ನು ಮೊದಲು ಸಂಗ್ರಹಿಸತಕ್ಕದ್ದು. ಇಬ್ಬರು ಹಿರಿಯರನ್ನು ಒಟ್ಟಿಗೆ ಕುಳ್ಳಿರಿಸಿ ಕೇಳಕೂಡದು; ಒಬ್ಬರ ಮಾತಿಗೆ ಇನ್ನೊಬ್ಬರು ತಲೆದೂಗುವರು. ಬೇರೆ ಬೇರೆಯಾಗಿ ಕೇಳಿ, ಹೇಳಿದ ದಿನವನ್ನು ಬರೆದುಕೊಂಡು, ಆಮೇಲೆ ಎರಡನ್ನೂ ಹೋಲಿಸಿ ನೋಡಬೇಕು. ಭಿನ್ನವಾದಲ್ಲಿ ಎರಡು ಹೆಸರುಗಳನ್ನೂ ಉಳಿಸಿಕೊಳ್ಳಬೇಕು. ಒಂದೇ ಗದ್ದೆಯನ್ನು ಧಣಿಗಳ ಮನೆಯಲ್ಲಿ ಒಂದು ಹೆಸರಿನಿಂದಲೂ ನಾಟಿಯ ಹೆಂಗಸರು ಇನ್ನೊಂದರಿಂದಲೂ ಕರೆಯುತ್ತಿದ್ದುದುಂಟು. ಆದಕಾರಣ ಭೂಮಾಲಿಕರು ತಮ್ಮ ಮನೆಯ ಹೆಸರೇ ಸರಿಯೆಂದು ಹಟ ಹಿಡಿಯಬಾರದು. ಗದ್ದೆಯ ಕೆಸರಿನಲ್ಲಿ ನಿಂತವರಿಗೆ ಆ ಗದ್ದೆಯ ನೀರಿನ ಗುಣ ಹೆಚ್ಚಾಗಿ ಗೊತ್ತಿರುವುದು.

ಪಣಂಬೂರಿನ ಕಡಲದಡವು ಸಾರ್ವಜನಿಕರಿಗೆ ತೆರೆದಿರುವುದರಿಂದ ಹಿರಿಯರನ್ನು ಅಲ್ಲಿಗೂ ಹೆದ್ದಾರಿಯ ಬದಿಗೂ ಕರೆದೊಯ್ದು, ದೇವಸ್ಥಾನ, ಹಳೆಯ ದಾರಿ ಇವುಗಳಿಂದ ದಿಕ್ಕನ್ನೂ ದೂರವನ್ನೂ ಹೇಳಿಸಬಹುದು. ಬಂದರಿನ ಆವರಣವು ರಕ್ಷಿತ ಪ್ರದೇಶ; ಅಪ್ಪಣೆಯಿಲ್ಲದೆ ಒಳಹೊಕ್ಕು ಅಳೆಯುವುದಾಗಲಿ ಚಿತ್ರ ತೆಗೆಯುವುದಾಗಲಿ ಕೂಡದು. ೨೦೨೧ನೆಯ ಫೆಬ್ರವರಿ ೧೫ರಂದು ಭಾರತ ಸರ್ಕಾರವು ಭೂಪಟದ ನಿಬಂಧನೆಗಳನ್ನು ಬಹಳಮಟ್ಟಿಗೆ ಸಡಿಲಿಸಿತಾದರೂ ರಕ್ಷಣೆಗೆ ಸಂಬಂಧಿಸಿದ ಪ್ರತಿಬಂಧಗಳನ್ನು ತೆಗೆದಿಲ್ಲ. ಇತರರ ಹಕ್ಕಿನ ಪಟಗಳಿಂದ ಹೆಸರುಗಳನ್ನು ನಕಲು ಮಾಡುವುದನ್ನೂ ಈ ಸಮುದಾಯವು ಒಪ್ಪುವುದಿಲ್ಲ. ಗದ್ದೆಯ ಹೆಸರನ್ನು ಬರೆಯಬಹುದು, ಅದರ ಒಡೆಯನ ಹೆಸರನ್ನು ಬರೆಯಬಾರದು.

ಪ್ರಸ್ತಾವದ ಬರವಣಿಗೆ

ಪ್ರಸ್ತಾವದಲ್ಲಿ ಶೀರ್ಷಿಕೆ, ಸಾರಾಂಶ, ವಿವರಣೆ, ಹೇಳುವವರ ಪರಿಚಯ ಎಂದು ಮುಖ್ಯವಾಗಿ ನಾಲ್ಕು ಅಂಗಗಳು. ಪರಿಚಯಕ್ಕೆ ಎರಡು ವಾಕ್ಯ ಸಾಕು. ಪಡೆದ ಸನ್ಮಾನಗಳನ್ನೂ ವಹಿಸಿದ ಅಧ್ಯಕ್ಷತೆಗಳನ್ನೂ ಓದುವಷ್ಟು ವ್ಯವಧಾನ ಪರಿಶೀಲಿಸುವವರಿಗೆ ಇರುವುದಿಲ್ಲ. ಅವರು ಅನೇಕ ಪ್ರಸ್ತಾವಗಳನ್ನು ತಮ್ಮ ಬಿಡುವಿನ ವೇಳೆಯಲ್ಲಿ ಓದತಕ್ಕವರು. ಆದ್ದರಿಂದ ಎಲ್ಲವೂ ಸಾರಾಂಶದ ಮೇಲೆಯೇ ನಿಂತಿರುವುದು.

ಇಲ್ಲಿಯೇ ಅರ್ಜಿಯ ರೂಢಿಯು ಅಡ್ಡ ಬರುವುದು. ಅರ್ಜಿಯಲ್ಲಿ ಕಷ್ಟವನ್ನು ಹೇಳಿ, ಅಧಿಕಾರವುಳ್ಳವರಿಂದ ಪರಿಹಾರವನ್ನು ಬೇಡುವುದು ಪದ್ಧತಿ. ಸಮ್ಮೇಲನದ ಪರಿಶೀಲಕರಿಗೆ ಅಂತಹ ಅಧಿಕಾರ ಯಾವುದೂ ಇಲ್ಲ. ನೆಲಕ್ಕೆ ದೊರೆತ ಪರಿಹಾರಧನವು ಕಡಿಮೆಯಾಯಿತೆಂಬುದು ಎಷ್ಟೇ ನ್ಯಾಯವಾದ ಮಾತಾಗಿರಲಿ, ಅದರ ಸ್ಥಾನ ನ್ಯಾಯಾಲಯ ಅಥವಾ ಕಂದಾಯ ಕಚೇರಿ. ಸಮ್ಮೇಲನದಲ್ಲಿ ಊರಿನವರು ಬೇಡುವವರಲ್ಲ, ಕೊಡುವವರು. ಕೇಳಿದವನು ಏನನ್ನು ತನ್ನ ಊರಿಗೆ ಕೊಂಡೊಯ್ಯುವನೆಂಬುದನ್ನು ಸಾರಾಂಶವು ಸ್ಪಷ್ಟವಾಗಿ ಹೇಳಬೇಕು.

‘ಪಣಂಬೂರಿನ ಇತಿಹಾಸ, ಸಂಸ್ಕೃತಿ ಮತ್ತು ಅಭಿವೃದ್ಧಿ: ಒಂದು ಸಮೀಕ್ಷೆ’ ಎಂದು ಶೀರ್ಷಿಕೆಯಿಟ್ಟರೆ ಅದು ಒಂದು ಗ್ರಂಥಕ್ಕಾದೀತು, ಇಪ್ಪತ್ತು ನಿಮಿಷದ ಮಾತಿಗಾಗದು. ‘ಬಂದರಿನ ನೀರಿನಡಿಯ ಗದ್ದೆಗಳು: ಇಲ್ಲದ ಸ್ಥಳದ ಹೆಸರನ್ನು ಎಲ್ಲಿ ಬರೆಯುವುದು?’ ಎಂದರೆ ಓದಿದವನು ನಿಲ್ಲುವನು. ಹೆಸರುಗಳನ್ನು ಸಂಗ್ರಹಿಸಿದವರು ಸಾರಾಂಶವನ್ನು ಈ ಮಾದರಿಯಲ್ಲಿ ಬರೆಯಬಹುದು:

“ಭಾರತದ ಪಶ್ಚಿಮ ಕರಾವಳಿಯ ಪಣಂಬೂರಿನಲ್ಲಿ ೧೯೭೫ರಲ್ಲಿ ಉದ್ಘಾಟನೆಯಾದ ಬಂದರಿಗಾಗಿ ಭತ್ತದ ಗದ್ದೆಗಳು ಹೋದುವು. ಅವನ್ನು ಉತ್ತವರು ಇಂದು ಬೇರೆ ಊರುಗಳಲ್ಲಿರುವರು. ಗದ್ದೆಗಳ ಹೆಸರುಗಳು ಅವರ ನೆನಪಿನಲ್ಲಿವೆ. ಆ ಹೆಸರುಗಳು ನೆಲದ ಎತ್ತರವನ್ನೂ ನೀರಿನ ಗತಿಯನ್ನೂ ತಿಳಿಸುವುವು. ಚಾಲ್ತಿಯ ಭೂಪಟದಲ್ಲಿ ಇಲ್ಲದ ಸ್ಥಳವನ್ನು ಬರೆಯುವಂತಿಲ್ಲ. ಹೆಸರುಗಳನ್ನು ಕೇಳಿ ಬರೆದುಕೊಂಡ ಕ್ರಮ, ಇಬ್ಬರ ನೆನಪು ಭಿನ್ನವಾದಾಗ ಮಾಡಿದ ನಿರ್ಣಯ, ಗಡಿ ತಿಳಿಯದಿದ್ದಲ್ಲಿ ಅದನ್ನು ಎಳೆಯದೆ ಬಿಟ್ಟುದರ ಕಾರಣ ಇವುಗಳನ್ನು ಹೇಳಲಾಗುವುದು. ಅಣೆಕಟ್ಟು, ಗಣಿ, ವಿಮಾನನಿಲ್ದಾಣಗಳ ಅಡಿಯಾದ ಊರುಗಳಲ್ಲಿಯೂ ಈ ಕ್ರಮವನ್ನು ಅನುಸರಿಸಬಹುದು.”

ಇದರಲ್ಲಿ ತಿಳಿಯದುದನ್ನು ತಿಳಿಯದೆಂದೇ ಒಪ್ಪಿಕೊಂಡಿರುವುದನ್ನು ಗಮನಿಸಬೇಕು. ಎಲ್ಲವೂ ಸಿದ್ಧಿಸಿತೆಂದು ಸಾರುವ ಪ್ರಸ್ತಾವಕ್ಕಿಂತ ಇಂತಹುದರಲ್ಲಿ ಪರಿಶೀಲಕರಿಗೆ ಹೆಚ್ಚಿನ ನಂಬಿಕೆ ಹುಟ್ಟುವುದು.

ಪ್ರಸ್ತಾವವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕಾಗುವುದು. ಊರಿನ ಉಪಾಧ್ಯಾಯರಿಂದಲೋ ಕಾಲೇಜಿಗೆ ಹೋಗುವ ಹುಡುಗಿಯರಿಂದಲೋ ಭಾಷಾಂತರ ಮಾಡಿಸಬಹುದು. ಆದರೆ ಬೈಲು, ಮಜಲು, ಬೆಟ್ಟು ಎಂಬ ಮಾತುಗಳನ್ನು ಭಾಷಾಂತರಿಸದೆ ಹಾಗೆಯೇ ಇಟ್ಟು ಅರ್ಥವನ್ನು ಒಂದು ಸಲ ವಿವರಿಸತಕ್ಕದ್ದು. ಒಂದು ಸ್ಥಳದ ಹೆಸರನ್ನು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಬೇರೆ ಬೇರೆಯಾಗಿ ದಾಖಲಿಸುವುದಕ್ಕೆ ಈ ಭೂಪಟದಲ್ಲಿ ಅವಕಾಶವಿದೆ. ತುಳು ಹೆಸರನ್ನು ಕನ್ನಡಕ್ಕೆ ‘ತಿದ್ದಿ’ ಬರೆಯುವ ಅವಶ್ಯಕತೆಯಿಲ್ಲ.

ಕಾಲ, ವೆಚ್ಚ ಮತ್ತು ತಿರಸ್ಕಾರ

ಪ್ರಸ್ತಾವಗಳನ್ನು ಸಮ್ಮೇಲನಕ್ಕೆ ಹಲವು ತಿಂಗಳು ಮುಂಚೆಯೇ ಕರೆಯುವರು. ಗಡುವು ಮೀರಿದರೆ ಪ್ರಯೋಜನವಿಲ್ಲ. ಕೊನೆಯ ದಿನ ಸಂಜೆಯವರೆಗೆ ಕಾದು ವಿದ್ಯುತ್ತು ಹೋಯಿತೆಂದು ಮರುಗುವುದಕ್ಕಿಂತ ವಾರ ಮುಂಚೆ ಕಳುಹಿಸುವುದು ಲೇಸು. ಉಪನ್ಯಾಸವು ಅಂಗೀಕೃತವಾದ ಮಾತ್ರಕ್ಕೆ ಪ್ರಯಾಣದ ವೆಚ್ಚ ದೊರೆಯುವುದೆಂದು ತಿಳಿಯಕೂಡದು. ಸಹಾಯಧನವಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಬೇಡಿಕೆ ಸಲ್ಲಿಸಬೇಕು. ವಿದೇಶವಾದರೆ ರಹದಾರಿಗೂ ಪ್ರವೇಶಪತ್ರಕ್ಕೂ ತಗಲುವ ಕಾಲವನ್ನು ಲೆಕ್ಕಹಾಕತಕ್ಕದ್ದು. ಹೋಗುವವರು ಊರಿನ ಮುಖಂಡರೇ ಆಗಿರಬೇಕೆಂದಿಲ್ಲ. ಹೆಸರುಗಳನ್ನು ಸಂಗ್ರಹಿಸಿದವರು ಹೋಗುವುದೇ ಉಚಿತ.

ಅನೇಕ ಪ್ರಸ್ತಾವಗಳು ತಿರಸ್ಕೃತವಾಗುವುವು. ಸ್ಥಳವು ಕೆಲವಕ್ಕೆ ಮಾತ್ರ ಇರುವುದರಿಂದ ಇದರಲ್ಲಿ ಅವಮಾನವೇನೂ ಇಲ್ಲ. ಅದನ್ನೇ ಮೊಟಕುಮಾಡಿ ಐದು ನಿಮಿಷದ ಕಿರುಮಾತಾಗಿಯೋ ಭಿತ್ತಿಚಿತ್ರವಾಗಿಯೋ ಕಳುಹಿಸಬಹುದು, ಇಲ್ಲವೆ ಏಷ್ಯಾಖಂಡದ ಸಮ್ಮೇಲನವನ್ನು ಕಾಯಬಹುದು. ಅಂಗೀಕಾರವಾಗಲಿ ಬಿಡಲಿ, ಹೆಸರುಗಳ ಪಟ್ಟಿಯ ಒಂದು ಕೈಬರಹದ ಪ್ರತಿಯನ್ನು ಊರಿನ ಗ್ರಂಥಾಲಯದಲ್ಲಿ ಇಡತಕ್ಕದ್ದು.

ಗದ್ದೆಗಳು ಇನ್ನೂ ಉಳಿದಿರುವ ಗ್ರಾಮಗಳಲ್ಲಿ ಈ ಕೆಲಸವು ಬಹು ಸುಲಭವಾದುದು. ಏಣಿಲಿನ ಕೊಯ್ಲಾಗಿ ಸುಗ್ಗಿಯ ಉಳುಮೆಗೆ ಮುಂಚೆ ಹುಣಿಗಳು ಸ್ಪಷ್ಟವಾಗಿ ಕಾಣುವುವು. ಆ ದಿನಗಳಲ್ಲಿ, ಬಿಸಿಲೇರುವ ಮುಂಚೆ, ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಹುಣಿಯಿಂದ ಹುಣಿಗೆ ನಡೆದರೆ ಒಂದು ಬೈಲಿನ ಹೆಸರುಗಳೆಲ್ಲ ಎರಡು ಮುಂಜಾವಿನಲ್ಲಿ ದೊರೆಯುವುವು.