ಇದು ಖನಿಜವೇ? ನೋಡೋಣ ಬನ್ನಿ

ಬಾವಿ ತೋಡುವಾಗ ಒಂದು ಕಲ್ಲು ಸಿಕ್ಕಿತು. ಹಳದಿ ಬಣ್ಣ. ಪಳಪಳ ಹೊಳೆಯುತ್ತಿತ್ತು. ಊರಿಗೆ ಬಂದಿದ್ದ ಒಬ್ಬ ಅದನ್ನು ನೋಡಿದ. "ಇದು ಚಿನ್ನದ ಕಲ್ಲು. ಐದು ಸಾವಿರ ಕೊಡಿ, ಚಿನ್ನ ತೆಗೆದು ಕೊಡ್ತೀನಿ" ಅಂದ. ಮನೆಯಾಕೆ ಸಂಘದಲ್ಲಿ ಸಾಲ ಕೇಳಲು ಹೊರಟಳು. ದಾರಿಯಲ್ಲಿ ಕಲಿಕಾ ಕೇಂದ್ರ. ಕಲ್ಲು ಸೆರಗಿನಲ್ಲೇ ಇತ್ತು.

"ಅಕ್ಕಾ, ಇದು ಚಿನ್ನಾನಾ?"

"ಚಿನ್ನ ಒಂದು ಖನಿಜ. ಖನಿಜ ಅಂದ್ರೆ ಏನು, ಮೊದಲು ಹೇಳಿ" ಅಂದಳು ಕಲಿಸುವ ಅಕ್ಕ.

"ನೆಲ ಅಗೆದರೆ ಸಿಗೋದು" ಅಂದರು ಎಲ್ಲರೂ.

ಅದು ಅರ್ಧ ಸರಿ. ನೆಲ ಅಗೆದರೆ ಹಳೇ ಇಟ್ಟಿಗೆಯೂ ಸಿಗುತ್ತದೆ, ಮೂಳೆಯೂ ಸಿಗುತ್ತದೆ. ಇಟ್ಟಿಗೆ ಮನುಷ್ಯರು ಸುಟ್ಟು ಮಾಡಿದ್ದು. ಖನಿಜ ಪ್ರಕೃತಿಯಲ್ಲಿ ತಾನಾಗಿ ಆಗಿರಬೇಕು. ಮೂಳೆ ಪ್ರಾಣಿಯದು. ಗಿಡ, ಪ್ರಾಣಿಗಳಿಂದ ಬಂದದ್ದು ಖನಿಜ ಅಲ್ಲ. ಸಕ್ಕರೆಯೂ ಅಲ್ಲ, ಅದು ಕಬ್ಬಿನಿಂದ ಬಂದದ್ದು. ಕಲ್ಲಿದ್ದಲು ಕೂಡ ಹಳೇ ಕಾಲದ ಗಿಡಮರಗಳು ಹೂತು ಆದದ್ದು. 1957ರ ಗಣಿ ಕಾನೂನಿನಲ್ಲಿ ಅದನ್ನು ಖನಿಜ ಎಂದೇ ಸೇರಿಸಿದ್ದಾರೆ. ವಿಜ್ಞಾನಿಗಳು ಮಾತ್ರ ಒಪ್ಪುವುದಿಲ್ಲ!

ಖನಿಜ ಗಟ್ಟಿಯಾಗಿರಬೇಕು. ನೀರು ಖನಿಜ ಅಲ್ಲ. ಹಾಗಾದರೆ ಆಲಿಕಲ್ಲು? ಅದು ತಾನಾಗಿ ಆದದ್ದು, ಗಟ್ಟಿಯಾಗಿದೆ. ಅದು ಖನಿಜವೇ! ಅಂಗೈಯಲ್ಲಿ ಕರಗಿದರೆ ಮತ್ತೆ ಬರೀ ನೀರು. ಇದನ್ನು ಕೇಳಿ ಎಲ್ಲರೂ ನಕ್ಕರು.

ಇನ್ನೊಂದು ಗುರುತು ಇದೆ. ಖನಿಜದ ಒಳಗೆಲ್ಲ ಒಂದೇ ವಸ್ತು ಇರುತ್ತದೆ. ಅದರ ಸಣ್ಣ ಸಣ್ಣ ಕಣಗಳು ಸಾಲಾಗಿ, ಕ್ರಮವಾಗಿ ಕೂತಿರುತ್ತವೆ. ಕಲ್ಲುಪ್ಪಿನ ಹರಳು ನೋಡಿ. ಪೆಟ್ಟಿಗೆಯ ಹಾಗೆ ಚೌಕ ಮೂಲೆ ಕಾಣುತ್ತದೆ. ಒಡೆದರೆ ಚೂರಿಗೂ ಚೌಕ ಮೂಲೆ.

ರುಬ್ಬುವ ಕಲ್ಲು ಹಾಗಲ್ಲ. ಅದು ಶಿಲೆ. ಶೇಂಗಾ ಚಿಕ್ಕಿಯಲ್ಲಿ ಶೇಂಗಾ ಬೇರೆ, ಬೆಲ್ಲ ಬೇರೆ ಕಾಣುತ್ತದಲ್ಲ, ಹಾಗೆ ಒಂದೇ ಕಲ್ಲಿನಲ್ಲಿ ಹಲವು ಖನಿಜ ಸೇರಿವೆ. ಗಾಜಿನಂಥ ಚುಕ್ಕೆ ಬೆಣಚು. ಮಿನುಗುವ ತೆಳು ಪದರ ಅಭ್ರಕ. ಅದನ್ನೇ ನಾವು ಕಾಗೆ ಬಂಗಾರ ಅನ್ನೋದು.

ಈಗ ಹಳದಿ ಕಲ್ಲಿನ ಸರದಿ. ಪಿಂಗಾಣಿ ಬಟ್ಟಲು ಮಗುಚಿದರೆ ತಳದಲ್ಲಿ ಒರಟು ಬಿಳಿ ಅಂಚು ಇರುತ್ತದೆ. ಅಕ್ಕ ಅದರ ಮೇಲೆ ಕಲ್ಲನ್ನು ಉಜ್ಜಿದಳು. ಕಪ್ಪು ಗೆರೆ ಬಿತ್ತು.

"ಚಿನ್ನ ಆಗಿದ್ರೆ ಹಳದಿ ಗೆರೆ ಬೀಳಬೇಕಿತ್ತು. ಅಕ್ಕಸಾಲಿ ಒರೆಗಲ್ಲಿಗೆ ಉಜ್ಜಿ ನೋಡಲ್ವಾ, ಹಾಗೆ."

ಆಮೇಲೆ ಒಂದು ಮೂಲೆ ಮುರಿದು, ಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯಿಂದ ಹೊಡೆದರು. ಪುಡಿಪುಡಿ ಆಯಿತು. ಚಿನ್ನ ಪುಡಿ ಆಗುವುದಿಲ್ಲ. ಬಡಿದಷ್ಟೂ ತೆಳ್ಳಗೆ ಹರಡುತ್ತದೆ.

"ಇದು ಪೈರೈಟ್. ಕಬ್ಬಿಣ, ಗಂಧಕ ಸೇರಿ ಆದದ್ದು. ಇದೂ ಖನಿಜವೇ, ಆದ್ರೆ ಚಿನ್ನ ಅಲ್ಲ. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದ್ರೂ ಸಿಗೋದು ಕೆಲವೇ ಗ್ರಾಂ ಚಿನ್ನ. ಅದೂ ಹೆಚ್ಚಾಗಿ ಬರಿಗಣ್ಣಿಗೆ ಕಾಣಲ್ಲ."

ಆಕೆ ಸಂಘಕ್ಕೆ ಹೋಗಲಿಲ್ಲ. ಮಾರನೇ ದಿನ ಆ ಮನುಷ್ಯ ಬಂದ. ದುಡ್ಡು ಕೇಳಿದ. ಆಕೆ ಬಟ್ಟಲು ಮಗುಚಿ ಮುಂದಿಟ್ಟಳು. ಪಕ್ಕದಲ್ಲಿ ಕಲ್ಲು ಇಟ್ಟಳು.

"ನೀವೇ ಉಜ್ಜಿ ನೋಡಿ" ಅಂದಳು.

ಅವನು ಉಜ್ಜಲಿಲ್ಲ. "ಬಸ್ಸಿಗೆ ಹೊತ್ತಾಯ್ತು" ಅಂತ ಎದ್ದು ಹೋದ.