ತೋಳಿನ ಒರಟು ಚರ್ಮ

ತೋಳಿನ ಮೇಲ್ಭಾಗದಲ್ಲಿ ಸಣ್ಣ ಗುಳ್ಳೆಗಳೆದ್ದು ಚರ್ಮವು ಒರಟಾದರೆ, ಅದನ್ನು ಕೊಳೆಯೆಂದೆಣಿಸಿ ಕೆಲವರು ನಾಚುವದುಂಟು. ಇದು ಕೊಳೆಯೂ ಅಲ್ಲ, ಅಂಟುರೋಗವೂ ಅಲ್ಲ. ಉಗುರು ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಪದಾರ್ಥವೇ ರೋಮರಂಧ್ರದ ಬಾಯನ್ನು ಬಿರಡೆಯಂತೆ ಮುಚ್ಚುವದು. ಕೆಲವೊಮ್ಮೆ ಕೂದಲು ಹೊರಬರಲಾರದೆ ಒಳಗೇ ಸುರುಳಿಗೊಳ್ಳುವದು.

ಆದುದರಿಂದ ಕಲ್ಲಿನಿಂದಲೋ ನಾರಿನಿಂದಲೋ ಬಲವಾಗಿ ಉಜ್ಜಬಾರದು. ಉಜ್ಜಿದರೆ ಉರಿಯೇ ಹೆಚ್ಚುವದು. ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಮೈ ತುಸು ತೇವವಾಗಿರುವಾಗಲೇ ಶೇಕಡಾ 10 ರಿಂದ 20 ರಷ್ಟು ಯೂರಿಯಾ ಇರುವ ಮುಲಾಮನ್ನು ಪ್ರತಿದಿನವೂ ಮೆಲ್ಲನೆ ಸವರತಕ್ಕದ್ದು. ಒಳಬೆಳೆದ ಕೂದಲನ್ನು ಸೂಜಿಯಿಂದ ಕೆದಕದೆ, ಬೆಚ್ಚಗಿನ ಒದ್ದೆಬಟ್ಟೆಯನ್ನಿಡಿರಿ. ಕೀವಾದರೆ ವೈದ್ಯರಿಗೆ ತೋರಿಸಿರಿ.

ಗುಣ ಕಾಣಲು ಕೆಲವು ವಾರಗಳ ತಾಳ್ಮೆ ಬೇಕು. ವಯಸ್ಸೇರಿದಂತೆ ಅನೇಕರಲ್ಲಿ ಇದು ತಾನಾಗಿಯೇ ಕಡಿಮೆಯಾಗುವದು. ನಾಚಿಕೆಯಿಂದ ತೋಳನ್ನು ಮುಚ್ಚಿಕೊಳ್ಳುವ ಗೆಳತಿಯನ್ನು ಕಂಡರೆ, ನಗದೆ, ಈ ಮಾತನ್ನು ತಿಳಿಸಿರಿ.